ಬ್ಯಾಡಗಿಯ ಕೆಂಪು

ಒಂದು ಕಾಲಕ್ಕೆ ನಮ್ಮ ಅಡುಗೆಯ ಖಾರವೆಂದರೆ ಮುಖ್ಯವಾಗಿ ಕರಿಮೆಣಸು. ಅಮೆರಿಕ ಖಂಡದ ಮೆಣಸಿನಕಾಯಿ 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂತು. ಹಳೆಯ ಮೆಣಸಿನ ಹೆಸರನ್ನೇ ಹೊಸ ಕಾಯಿಗೂ ಕೊಟ್ಟು ನಾವು ಅದನ್ನು ನಮ್ಮದಾಗಿಸಿಕೊಂಡೆವು. ಯುಗಾದಿಯ ಸಾರಿಗೂ ಈದಿನ ಸಾಲನ್‌ಗೂ ಇಂದು ಅದೇ ಬೇಕು.

ಹಾವೇರಿ ಜಿಲ್ಲೆಯ ಬ್ಯಾಡಗಿ ಈ ಕಾಯಿಗೆ ಹೆಸರು ಕೊಟ್ಟ ಮಾರುಕಟ್ಟೆ. ಸುತ್ತಲಿನ ಧಾರವಾಡ, ಗದಗ ಜಿಲ್ಲೆಗಳ ಎರೆ ಭೂಮಿಯ ಬೆಳೆಯೂ ಇಲ್ಲಿಗೇ ಬರುತ್ತದೆ. ಸುಕ್ಕುಗಟ್ಟಿದ ಸಿಪ್ಪೆಯ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆಯುವ ಓಲಿಯೊರೆಸಿನ್ ಆಹಾರಕ್ಕೂ ಸೌಂದರ್ಯ ಸಾಧನಗಳಿಗೂ ಬಣ್ಣವಾಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಆ ಬಣ್ಣ ಕೆಡದಂತೆ ಬಿಸಿಲು ನೋಡಿ ಒಣಗಿಸುವವನು ರೈತ. ಘಾಟಿನಲ್ಲಿ ಕೂತು ತೊಟ್ಟು ಬಿಡಿಸುವವರು ಕೂಲಿ ಹೆಣ್ಣುಮಕ್ಕಳು. 2024ರ ಮಾರ್ಚ್ 11ರಂದು ಬೆಲೆ ಕುಸಿದಾಗ ರೊಚ್ಚಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚುವುದನ್ನು ನಾವು ಒಪ್ಪಲಾರೆವು. ಆದರೆ ಸಾಲ ತೀರಿಸಬೇಕಾದ ರೈತ ಶೀತಗೃಹದಲ್ಲಿಟ್ಟು ಕಾಯಲಾರ, ಅಂದಿನ ದರಕ್ಕೇ ಮಾರಬೇಕು ಎಂಬುದನ್ನೂ ಮರೆಯಲಾರೆವು.

ಕಡಲಾಚೆಯ ಕಾಯಿಯನ್ನು ನಮ್ಮದೆಂದ ನಾವು, ಅದನ್ನು ಬೆಳೆದು ಬಿಡಿಸುವ ಕೈಗಳನ್ನು ನಮ್ಮವೆನ್ನುವುದು ಎಂದಿಗೆ?