ಓದಿದ್ದು ಮನಸ್ಸಿಗೆ ಇಳಿಯಲಿ



ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಸಾಲ, ಷೇರು, ಗೊಬ್ಬರದ ವಿಷಯ ಬೇರೆಯವರು ಬರೆದಿರ್ತಾರೆ. ನಾವು ನಮ್ಮ ಮಕ್ಕಳ ಓದಿನ ಬಗ್ಗೆ ನಾಲ್ಕು ಮಾತು ಬರೆಯುತ್ತೇವೆ.

ನಮ್ಮ ಸೋಸಲೆ ವಿದ್ಯೆಗೆ ಹೆಸರಾದ ಊರು. ವ್ಯಾಸರಾಜ ಮಠದ ಹೆಸರಿನ ಜೊತೆಗೇ ನಮ್ಮೂರ ಹೆಸರೂ ಸೇರಿದೆ. ಕವಿತಿಲಕ ಸೋಸಲೆ ಅಯ್ಯಾ ಶಾಸ್ತ್ರಿಗಳು (1854–1934) ಬರೆದ 'ಸ್ವಾಮಿ ದೇವನೆ' ಪ್ರಾರ್ಥನೆಯನ್ನು ಕನ್ನಡನಾಡಿನ ಶಾಲೆಗಳಲ್ಲಿ ತಲೆಮಾರುಗಳಿಂದ ಹಾಡುತ್ತಾ ಬಂದಿದ್ದಾರೆ. 1958ರ 'ಸ್ಕೂಲ್ ಮಾಸ್ಟರ್' ಚಿತ್ರದಲ್ಲೂ ಅದು ಬಂತು. ಆದರೆ ಅದರಲ್ಲಿರುವ 'ನಮೋಸ್ತು' ಅಂದ್ರೆ 'ನಮಸ್ಕಾರವಾಗಲಿ' ಅಂತ ಎಷ್ಟು ಮಕ್ಕಳಿಗೆ ಗೊತ್ತು? ರಾಗ ಬಂದರೆ ಅರ್ಥ ಬಂದ ಹಾಗಲ್ಲ.

ಹಿಂದಿನ ಕೂಲಿಮಠಗಳಲ್ಲಿ ಮರಳ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಜ್ಞಾಪಕಶಕ್ತಿ ಬೆಳೆಯಿತು ನಿಜ. ಅರ್ಥಕ್ಕೆ ಹಿರಿಯರು ಇನ್ನೊಂದು ದಾರಿ ಇಟ್ಟಿದ್ದರು, ಅದೇ ಗಮಕ. ಜೈಮಿನಿ ಭಾರತವನ್ನೋ ಕುಮಾರವ್ಯಾಸ ಭಾರತವನ್ನೋ ಒಬ್ಬರು ಓದೋದು, ಇನ್ನೊಬ್ಬರು ಬಿಡಿಸಿ ಹೇಳೋದು. ಅಕ್ಷರ ಬಾರದ ರೈತನೂ ಜಗಲಿಯಲ್ಲಿ ಕೂತು ಕಥೆ ತಿಳಿದುಕೊಳ್ಳುತ್ತಿದ್ದ.

ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಸಹಕಾರ ಕಾಯಿದೆ ಬಂತು, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಎರಡಕ್ಕೂ ನಂಟಿದೆ. ಲೆಕ್ಕ ಓದಲು ಬಾರದ ಸದಸ್ಯರಿಂದ ಸಂಘ ನಡೆಯೋದು ಕಷ್ಟ. 1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಗಳಲ್ಲಿ ಅಕ್ಷರ ಕಲಿಸಿತು, ಕಲಿತವರು ಮರೆಯದಿರಲಿ ಅಂತ 'ಬೆಳಕು' ಪತ್ರಿಕೆ ತಂದಿತು. 1947ರಲ್ಲಿ ಪಕ್ಕದ ನಂಜನಗೂಡಿನಲ್ಲೇ ವಿದ್ಯಾಪೀಠ ತೆರೆಯಿತು. 1995ರಲ್ಲಿ ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು.

ಇಷ್ಟಾದರೂ ಉಳಿದ ಕೆಲಸ ಮನೆಯದು. ಮಗು ಗಡಗಡ ಓದಿದ ಕೂಡಲೇ ಶಹಬ್ಬಾಸ್ ಅಂದು ಎದ್ದು ಹೋಗಬಾರದು. "ಏನು ಓದಿದೆ ಮಗಾ, ನಿನ್ನ ಮಾತಲ್ಲಿ ಹೇಳು" ಅಂತ ಕೇಳಬೇಕು. "ಯಾಕೆ ಹಾಗಾಯ್ತು? ಮುಂದೇನಾಗಬಹುದು?" ಅನ್ನಬೇಕು. ಗೊತ್ತಿಲ್ಲದ ಪದ ಬಂದರೆ ಹಿಂದೆಮುಂದೆ ಓದಿಸಿ ಊಹೆ ಮಾಡಿಸಬೇಕು, ಆಮೇಲೆ ಮೇಷ್ಟ್ರನ್ನು ಕೇಳಿಸಬೇಕು. ಇದಕ್ಕೆ ತಾಯಂದಿರು ಓದಿರಲೇಬೇಕು ಅಂತಿಲ್ಲ. ರೊಟ್ಟಿ ತಟ್ಟುತ್ತಾ ಕಥೆ ಕೇಳಿದರೆ ಸಾಕು, ಕೂಸು ತಾನೇ ವ್ಯಾಖ್ಯಾನ ಮಾಡುತ್ತೆ.

ಪುಸ್ತಕ ಇಲ್ಲ ಅನ್ನೋರು ಯೂರಿಯಾ ಚೀಲ ಓದಿಸಿ. ಅದರ ಮೇಲೆ ಸಾರಜನಕ 46 ಪರ್ಸೆಂಟ್ ಅಂತ ಇರುತ್ತೆ. ಅದನ್ನು ಓದೋದು ಒಂದು. 45 ಕೆ.ಜಿ. ಚೀಲದಲ್ಲಿ ಸಾರಜನಕ ಸುಮಾರು 21 ಕೆ.ಜಿ. ಅಷ್ಟೇ ಅಂತ ತಿಳಿಯೋದು ಇನ್ನೊಂದು. ಬೆಳೆಗೆ ಬೇಕಾದದ್ದು ಎರಡನೆಯದು.

ಹೆಬ್ಬೆಟ್ಟು ಹೋಗಿ ರುಜು ಬಂತು ಅಂತ ಸಂತೋಷಪಟ್ಟೆವು. ಆದರೆ ಪತ್ರದಲ್ಲಿ ಏನಿದೆ ಅಂತ ತಿಳಿಯದೆ ಹಾಕಿದ ರುಜುವೂ ಹೆಬ್ಬೆಟ್ಟೇ. ಜಮೀನು ಹೋಗೋದು, ಸಾಲ ಬೆಳೆಯೋದು ಅಲ್ಲೇ. ನಾಳೆ ಈ ಸಂಘದ ಬೈಲಾ ಓದಿ, ಮಹಾಸಭೆಯಲ್ಲಿ ಎದ್ದು ನಿಂತು ನಮ್ಮನ್ನೇ ಪ್ರಶ್ನೆ ಕೇಳುವ ಮಕ್ಕಳು ಬೇಕು. ಆದ್ದರಿಂದ ದಿನಕ್ಕೆ ಅರ್ಧ ಗಂಟೆ ಟಿ.ವಿ., ಮೊಬೈಲು ಆರಿಸಿ ಮಗುವಿನ ಪಕ್ಕ ಕೂರಬೇಕಾಗಿ ಎಲ್ಲ ಸದಸ್ಯರಲ್ಲೂ ವಿನಂತಿ.