ತನ್ನವರನ್ನು ಗುರುತಿಸುವ ಜೀವಕೋಶ

ದಾದರ್ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಯಾರಾದರೂ ‘ಏನ್ರೀ’ ಅಂದರೆ ಸಾಕು, ನಮ್ಮ ಕತ್ತು ತಾನಾಗಿ ಆ ಕಡೆ ತಿರುಗುತ್ತದೆ. ನಮಗೇನೋ ಕಿವಿಯಿದೆ, ಭಾಷೆಯಿದೆ. ಎರಡೂ ಇಲ್ಲದ ಜೀವಕೋಶ ತನ್ನವರನ್ನು ಹೇಗೆ ಗುರುತಿಸುತ್ತದೆ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಸಮುದ್ರದ ಸ್ಪಂಜೊಂದನ್ನು ಹಿಟ್ಟು ಜರಡಿ ಹಿಡಿಯುವ ರೇಷ್ಮೆ ಬಟ್ಟೆಯಲ್ಲಿಟ್ಟು ಹಿಂಡಿದರು. ಸ್ಪಂಜು ಅಂದರೆ ಇಲ್ಲಿ ಜೀವಂತ ಪ್ರಾಣಿ! ಅದರ ಕೋಶಗಳೆಲ್ಲ ಬಿಡಿಬಿಡಿಯಾಗಿ ನೀರಿಗೆ ಬಿದ್ದವು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಮೆಲ್ಲಗೆ ತೆವಳಿ, ಒಂದಕ್ಕೊಂದು ಅಂಟಿಕೊಂಡು, ಕೆಲವೇ ದಿನಗಳಲ್ಲಿ ಮತ್ತೆ ಸ್ಪಂಜಾದವು.

1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಉಭಯಚರಗಳ ಭ್ರೂಣದಲ್ಲಿ ಚರ್ಮವಾಗಬೇಕಿದ್ದ ಕೋಶಗಳನ್ನೂ ನರವಾಗಬೇಕಿದ್ದ ಕೋಶಗಳನ್ನೂ ಕಲಸಿಬಿಟ್ಟರು. ಚರ್ಮದವು ಹೊರಗೆ, ನರದವು ಒಳಗೆ ಸೇರಿಕೊಂಡವು. 1960ರ ದಶಕದಲ್ಲಿ ಮಾಲ್ಕಮ್ ಸ್ಟೈನ್‌ಬರ್ಗ್ ಇದಕ್ಕೆ ಕೊಟ್ಟ ಉತ್ತರ ನಮ್ಮ ಅಡುಗೆಮನೆಗೂ ಗೊತ್ತಿರುವಂಥದ್ದು: ಎಣ್ಣೆ, ನೀರು ಬೇರೆಯಾಗುವ ಹಾಗೆಯೇ ಇದು. ತಮ್ಮತಮ್ಮಲ್ಲಿ ಬಿಗಿಯಾಗಿ ಅಂಟುವವು ಒಳಗೆ, ಸಡಿಲವಾಗಿ ಅಂಟುವವು ಹೊರಗೆ.

ಹಾಗಾದರೆ ಆ ಅಂಟು ಯಾವುದು? ಕ್ಯಾಲ್ಸಿಯಂ ಇದ್ದರೆ ಮಾತ್ರ ಹಿಡಿಯುವ ಪ್ರೋಟೀನೊಂದನ್ನು ಜಪಾನಿನ ಮಸಾತೋಶಿ ತಾಕೇಯಿಚಿ ಪತ್ತೆ ಮಾಡಿದರು. 1984ರಲ್ಲಿ ಅದಕ್ಕೆ ‘ಕ್ಯಾಡ್‌ಹೆರಿನ್’ ಎಂಬ ಹೆಸರು ಬಂತು. ಕೋಶ ಹೊರಗೆ ಚಾಚಿದ ಕೈ ಇದು. ಕ್ಯಾಲ್ಸಿಯಂ ಸಿಕ್ಕರೆ ಸೆಟೆದು ನಿಂತು ಪಕ್ಕದ ಕೋಶದ ಕೈ ಹಿಡಿಯುತ್ತದೆ, ಇಲ್ಲದಿದ್ದರೆ ಜೋಲುತ್ತದೆ. ಇಂಥ ಕೈಗಳು ಹೆಚ್ಚಿದಷ್ಟೂ ಕೋಶಗಳ ಗುಂಪು ಬಿಗಿಯಾಗುತ್ತದೆಂದು 2005ರಲ್ಲಿ ಸ್ಟೈನ್‌ಬರ್ಗ್ ಮತ್ತು ಫೋಟಿ ಅಳೆದು ತೋರಿಸಿದರು. ಕೋಶದೊಳಗಿನ ಸೆಳೆತದ ಪಾಲೂ ಇದರಲ್ಲಿದೆ ಎಂಬುದು ಆಮೇಲೆ ತಿಳಿಯಿತು. ಕೈಯ ಇನ್ನೊಂದು ತುದಿ ಒಳಗಿನ ಹಂದರಕ್ಕೆ ಕಟ್ಟಿಕೊಂಡಿರುವುದರಿಂದ, ಹೊರಗಿನ ಎಳೆತ ಒಳಗೆ ಸುದ್ದಿಯಾಗುತ್ತದೆ: ‘ಪಕ್ಕದಲ್ಲಿ ಜನ ಇದ್ದಾರೆ, ಬೆಳೆದದ್ದು ಸಾಕು.’

ಈ ಹಿಡಿತ ತಪ್ಪಿದರೆ? ನ್ಯೂಜಿಲೆಂಡಿನ ಒಂದು ಮಾವೋರಿ ಕುಟುಂಬ ತಲೆಮಾರುಗಳಿಂದ ಹೊಟ್ಟೆಯ ಕ್ಯಾನ್ಸರ್‌ಗೆ ತನ್ನವರನ್ನು ಕಳೆದುಕೊಳ್ಳುತ್ತಿತ್ತು. ಅದರಲ್ಲೂ ಹರೆಯದವರನ್ನು. ಅವರೇ ಮುಂದೆ ಬಂದು ವಿಜ್ಞಾನಿಗಳ ಜೊತೆ ಕೈಜೋಡಿಸಿದರು. 1998ರಲ್ಲಿ ಕಾರಣ ಸಿಕ್ಕಿತು: ಕ್ಯಾಡ್‌ಹೆರಿನ್ ಜೀನಿನಲ್ಲೇ ದೋಷ. ಈಗ ಜೀನ್ ಪರೀಕ್ಷೆ ಮೊದಲೇ ಎಚ್ಚರಿಸುತ್ತದೆ. ದೋಷವಿರುವವರಲ್ಲಿ ಅನೇಕರು ಮುಂಚಿತವಾಗಿಯೇ ಜಠರ ತೆಗೆಸಿಕೊಂಡು ಜೀವ ಉಳಿಸಿಕೊಂಡಿದ್ದಾರೆ.

ಸ್ಪಂಜು ಹಿಂಡಿದ ವಿಲ್ಸನ್ನರಿಗೆ ಇದೆಲ್ಲ ಕನಸಿನಲ್ಲೂ ಬಂದಿರಲಾರದು. ಯಾರದೋ ಕುತೂಹಲ, ತೊಂಬತ್ತು ವರ್ಷಗಳ ನಂತರ, ಇನ್ಯಾರದೋ ಮನೆಯ ದೀಪ ಕಾಯಿತು.