ಮಕ್ಕಳ ಕಲಿಕಾ ತಂತ್ರಾಂಶ: ಸರಳತೆ ಮತ್ತು ಸಾಮರ್ಥ್ಯ

ಅಕ್ಷರಾಭ್ಯಾಸ, ಗಣಿತ, ಚಿತ್ರಲೇಖನ ಮೊದಲಾದವನ್ನು ಗಣಕಯಂತ್ರದ ಮೂಲಕ ಕಲಿಸುವ ತಂತ್ರಾಂಶಗಳಲ್ಲಿ, ಇನ್ನೂ ಓದು ಬಾರದ ಮಗುವಿಗೂ ಎಟುಕುವ ಸರಳತೆಯನ್ನೂ, ಅದೇ ಮಗು ಬೆಳೆದಂತೆಲ್ಲ ಒದಗಬೇಕಾದ ಪ್ರೌಢ ಸೌಲಭ್ಯಗಳನ್ನೂ ಹೊಂದಿಸುವ ಕ್ರಮ. ಸೌಲಭ್ಯಗಳನ್ನು ಕಡಮೆ ಮಾಡುವುದೇ ಸರಳತೆಯೆಂಬ ಭಾವನೆ ಸಾಮಾನ್ಯವಾಗಿದ್ದರೂ, ಯಾವ ಸೌಲಭ್ಯವು ಯಾವಾಗ ಯಾರ ಕಣ್ಣಿಗೆ ಬೀಳಬೇಕೆಂಬ ವಿವೇಚನೆಯೇ ಅದರ ತಿರುಳೆನ್ನುವುದು ಹೆಚ್ಚು ಯುಕ್ತವಾದೀತು.

ಪೂರ್ವೇತಿಹಾಸ

1967ರಲ್ಲಿ ಅಮೆರಿಕದಲ್ಲಿ ಸೆಮೂರ್ ಪೇಪರ್ಟ್ ಮತ್ತು ಸಂಗಡಿಗರು ರೂಪಿಸಿದ ಲೋಗೊ ಭಾಷೆಯಲ್ಲಿ, ಅನಂತರ ಬಂದು ಸೇರಿದ ‘ಆಮೆ’ಯೆಂಬ ಚಲಿಸುವ ಗುರುತನ್ನು ನಡೆಸಿ ಚಿತ್ರ ಬರೆಯಲು ಮುಂದೆ ಸಾಗುವ, ತಿರುಗುವ ಎರಡು ಆಜ್ಞೆಗಳೇ ಸಾಕಾಗಿದ್ದರೂ, ಒಂದು ವಿಧಿಯು ತನ್ನನ್ನು ತಾನೇ ಕರೆದುಕೊಳ್ಳುವಂಥ ಗಹನವಾದ ರಚನೆಗೂ ಅಲ್ಲಿ ಅವಕಾಶವಿತ್ತು. 2002ರಲ್ಲಿ ಬಿಲ್ ಕೆಂಡ್ರಿಕ್ ಆರಂಭಿಸಿದ ಟಕ್ಸ್ ಪೇಂಟ್ ಬೇರೊಂದು ಹಾದಿ ಹಿಡಿಯಿತು. ಅದರಲ್ಲಿ ಚಿತ್ರವನ್ನು ಉಳಿಸುವ ಮಗು ಕಡತಕ್ಕೆ ಹೆಸರಿಡಬೇಕಾಗಿಲ್ಲ. ಆಕೃತಿಗಳನ್ನು ತಿರುಗಿಸುವ ಹಂತವನ್ನು ತೆಗೆಯುವುದು, ಮುದ್ರಣವನ್ನು ತಡೆಯುವುದು ಮೊದಲಾದ ಹೊಂದಿಕೆಗಳೆಲ್ಲ ಹಿರಿಯರಿಗಾಗಿ ಇರಿಸಿದ ಪ್ರತ್ಯೇಕ ಕಾರ್ಯಕ್ರಮವೊಂದರಲ್ಲಿ ಅಡಗಿವೆ.

ನಮ್ಮ ನಾಡಿನಲ್ಲಿ ಈ ತತ್ತ್ವದ ಪೂರ್ವರೂಪವನ್ನು ಅರಸುವವರು ಗಣಕದ ಕೋಣೆಗಿಂತ ಮೊದಲು ನಲಿ-ಕಲಿ ತರಗತಿಯನ್ನು ನೋಡಬೇಕು. ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಿತವಾಗಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಈ ಪದ್ಧತಿಯಲ್ಲಿ ಪಠ್ಯವೆಲ್ಲವೂ ಕಾರ್ಡುಗಳಾಗಿ ಒಡೆದು, ಒಂದೊಂದು ಬಗೆಯ ಚಟುವಟಿಕೆಗೂ ಒಂದೊಂದು ಚಿತ್ರಚಿಹ್ನೆ ಬಂದುದರಿಂದ, ಓದಲಾರದ ಮಗುವೂ ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಚಿಹ್ನೆಯನ್ನು ಕಂಡು ಕಾರ್ಡನ್ನು ತಾನೇ ಎತ್ತಿಕೊಳ್ಳಬಲ್ಲುದಾಯಿತು. ಇಡೀ ಏಣಿ ಗುರುವಿನ ಗಮನದಲ್ಲಿ, ಒಂದೇ ಒಂದು ಕಾರ್ಡು ಮಗುವಿನ ಕೈಯಲ್ಲಿ: ತಂತ್ರಾಂಶದ ಆಯ್ಕೆಪಟ್ಟಿಯನ್ನು ರಚಿಸುವವರು ಇದಕ್ಕಿಂತ ಹೆಚ್ಚಿನದನ್ನು ಸಾಧಿಸಿದ್ದಾರೆಂದು ಹೇಳುವುದು ಕಷ್ಟ.

ಕನ್ನಡ ಲಿಪಿಯ ತೊಡಕು

ಸರಳತೆಯ ವಿಚಾರದಲ್ಲಿ ಕನ್ನಡಕ್ಕೆ ವಿಶಿಷ್ಟವಾದ ಕ್ಲೇಶ ಒತ್ತಕ್ಷರದ್ದು. 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿತ್ತ ಯೂನಿಕೋಡ್ ಎಂಬ ಲಿಪಿಸಂಕೇತ ವ್ಯವಸ್ಥೆಯು, ಸಂಯುಕ್ತಾಕ್ಷರಗಳಿಗೆ ಬೇರೆ ಸಂಕೇತಗಳನ್ನು ಕೊಡದೆ, ವ್ಯಂಜನಗಳ ನಡುವೆ ‘ವಿರಾಮ’ವೆಂಬ ಹಲಂತ ಚಿಹ್ನೆಯನ್ನಿರಿಸಿ ಅವನ್ನು ಬೆಸೆಯುತ್ತದೆ. ‘ಸ್ತ್ರೀ’ ಎಂಬುದು ಸ್ಲೇಟು ಹಿಡಿದ ಮಗುವಿಗೆ ಒಂದು ಅಕ್ಷರ. ಯಂತ್ರಕ್ಕಾದರೋ ಸಕಾರ, ವಿರಾಮ, ತಕಾರ, ವಿರಾಮ, ರೇಫ, ಈಕಾರ ಎಂಬ ಆರು ಸಂಕೇತಗಳ ಸಾಲು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ನೆಲೆಗೊಂಡ ಕೆ. ಪಿ. ರಾವ್ ಅವರ ಕೀಲಿವಿನ್ಯಾಸವು, ಅಲ್ಪಪ್ರಾಣವನ್ನು ಕೀಲಿಗೂ ಮಹಾಪ್ರಾಣವನ್ನು ಅದೇ ಕೀಲಿಯ ಶಿಫ್ಟಿಗೂ ಒಪ್ಪಿಸಿ, ಬೆಸುಗೆಗೆ ಎಫ್ ಕೀಲಿಯನ್ನು ಮೀಸಲಿಟ್ಟು, ಉಚ್ಚಾರಣೆಯ ಕ್ರಮವನ್ನೇ ಬರೆವಣಿಗೆಯ ಕ್ರಮವನ್ನಾಗಿಸಿದ್ದು ಪ್ರೌಢರಿಗೆ ಪರಮಸುಲಭವೇ ಸರಿ. ಆದರೆ ‘ಸೂರ್ಯ’ ಎಂಬಲ್ಲಿ ಯಕಾರವನ್ನು ಮೊದಲು ಬರೆದು ಅರ್ಕಾವೊತ್ತನ್ನು ಆಮೇಲೆ ಹಾಕಲು ಕೈ ಪಳಗಿದ ಬಾಲಕನು ಇಲ್ಲಿ ರೇಫವನ್ನು ಮೊದಲು ಒತ್ತಬೇಕಾಗುತ್ತದೆ. ಅಳಿಸುವಾಗಲಂತೂ ಪೇಚು ಹೆಚ್ಚು. ಸಾಮಾನ್ಯ ಲೇಖನ ತಂತ್ರಾಂಶಗಳಲ್ಲಿ ಅಳಿಸುವ ಕೀಲಿಯನ್ನು ಒತ್ತಿದಂತೆಲ್ಲ ‘ಸ್ತ್ರೀ’ ಎಂಬುದು ‘ಸ್ತ್ರ’, ‘ಸ್ತ್’, ‘ಸ್ತ’, ‘ಸ್’ ಎಂದು, ಕಾಗುಣಿತದ ಪುಸ್ತಕದಲ್ಲಿ ಮಗು ಎಂದೂ ಕಾಣದ ರೂಪಗಳನ್ನೂ ತಾಳುತ್ತ ಕರಗುತ್ತದೆ. ಮಕ್ಕಳಿಗಾಗಿ ಮಾಡುವ ಬರೆವಣಿಗೆಯ ತಂತ್ರಾಂಶದಲ್ಲಿ ಇಡೀ ಅಕ್ಷರವನ್ನು ಒಮ್ಮೆಗೇ ಅಳಿಸುವುದು ಮೊದಲ ನಡವಳಿಕೆಯಾಗಿ, ಬಿಡಿ ಸಂಕೇತಗಳನ್ನು ತಿದ್ದುವ ಸಾಮರ್ಥ್ಯವು ಮೇಲಿನ ಮೆಟ್ಟಿಲಿಗೆ ಕಾಯ್ದಿರುವುದು ಲೇಸು.

ಪ್ರಚಲಿತ ಪ್ರಯತ್ನಗಳು

ಈ ಶತಮಾನದ ಮೊದಲ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಆಟದ ರೂಪದ ಪಾಠಗಳ ಸಿಡಿಗಳನ್ನು ಸಿದ್ಧಪಡಿಸಿತು. ಅಕ್ಷರ ಪ್ರತಿಷ್ಠಾನದ ‘ಬಿಲ್ಡಿಂಗ್ ಬ್ಲಾಕ್ಸ್’ ಗಣಿತದ ಆಟಗಳನ್ನು ಅಂತರಜಾಲವಿಲ್ಲದೆಯೂ ಆಡಬಹುದು. 2017ರಲ್ಲಿ ಬಂದ ದೀಕ್ಷಾ ಎಂಬ ಕಲಿಕಾ ಜಾಲತಾಣವು, ಪಠ್ಯಪುಸ್ತಕದ ಪುಟದಲ್ಲೇ ಕ್ಯೂಆರ್ ಕೋಡನ್ನು ಅಚ್ಚುಹಾಕಿ, ಹುಡುಕಾಟದ ಜಂಜಾಟವನ್ನು ಮೊಬೈಲಿನ ಕ್ಯಾಮರಾಕ್ಕೆ ವಹಿಸಿತು.

ಗಡಿನಾಡಿನ ಪರಿಸ್ಥಿತಿ

ಗಡಿನಾಡಿನ ಕ್ಯಾಸಂಬಳ್ಳಿಯೂ, ಬಂಗಾರಪೇಟೆ ಮತ್ತು 2001ರಲ್ಲಿ ಗಣಿಗಳು ಮುಚ್ಚಿದ ಕೋಲಾರ ಚಿನ್ನದ ಗಣಿ ಪ್ರದೇಶದ ಸುತ್ತಣ ಹಳ್ಳಿಗಳೂ, ಹಲವು ಮನೆಗಳ ಮಾತು ತೆಲುಗು, ಗಣಿ ಕಾಲೊನಿಗಳ ಮಾತು ತಮಿಳು, ಸರ್ಕಾರಿ ಶಾಲೆಯ ಬರೆಹ ಕನ್ನಡ ಎಂಬ ಸ್ಥಿತಿಯಲ್ಲಿವೆ. ಇಂಥ ಕಡೆ ಪರದೆಯ ಮೇಲೆ ಎಷ್ಟು ಗುಂಡಿಗಳಿವೆಯೆಂಬುದಕ್ಕಿಂತ ತಂತ್ರಾಂಶವು ಯಾವ ಭಾಷೆಯಲ್ಲಿ ನುಡಿಯುತ್ತದೆಂಬುದು ಮುಖ್ಯವಾಗುತ್ತದೆ. ಒಮ್ಮೆ ಆರಿಸಿದ ಒಂದೇ ಭಾಷೆ ಧ್ವನಿಗೂ ಬರೆಹಕ್ಕೂ ಅನ್ವಯಿಸುವ ಏರ್ಪಾಡು ಕಟ್ಟುವವರಿಗೆ ಸುಲಭವಾದರೂ, ಧ್ವನಿಗೊಂದು ಲಿಪಿಗೊಂದು ಎಂದು ಎರಡು ಆಯ್ಕೆಗಳನ್ನು ಉಪಾಧ್ಯಾಯರ ಕೈಗೆ ಕೊಡುವ ತಂತ್ರಾಂಶವೇ, ಒಂದು ಹೊಂದಿಕೆ ಹೆಚ್ಚಾದರೂ, ಇಲ್ಲಿನ ಮಗುವಿಗೆ ಸರಳವಾದುದು. ಬೆಕ್ಕಿನ ಚಿತ್ರವನ್ನು ನೋಡಿದೊಡನೆ ತೆಲುಗಿನಲ್ಲಿ ‘ಪಿಲ್ಲಿ’ ಎಂದು ಕೂಗುವ ಮಗು ‘ಬೆಕ್ಕು’ ಎಂದು ಕೀಲಿಯೊತ್ತಿ ಬರೆಯುವ ಹೊತ್ತಿಗೆ ಒಂದು ಭಾಷೆಯನ್ನೂ, ಒಂದು ಒತ್ತಕ್ಷರವನ್ನೂ, ಆರು ಸಂಕೇತಗಳನ್ನೂ ದಾಟಿರುತ್ತದೆ.